ವೈರಸ್ಸಿಗೊಂದು ಹೆಸರು

ಬೆಲ್ಲದ ಡಬ್ಬಿಯ ಸುತ್ತ ಸತ್ತುಬಿದ್ದಿದ್ದ ಹಳದಿ ಇರುವೆಗಳನ್ನು ವಾರಿಜಾ ಬಳಿದು ಸೀಸೆಗೆ ತುಂಬುತ್ತಿದ್ದಳು. ಈ ಪರದೇಶಿ ಇರುವೆಗಳು ಧಾರವಾಡವನ್ನು ಮುತ್ತಿ ಒಂಬತ್ತು ವರ್ಷವಾಗಿತ್ತು. ಅವನ್ನು ಕೊಲ್ಲುವ ಹೊಸ ವೈರಸ್ಸು ಯಾರ ಅಡುಗೆಮನೆಯಲ್ಲಿ ಸಿಕ್ಕರೂ, ಆ ಮನೆಯವರು ಹೇಳಿದ ಹೆಸರನ್ನೇ ಪ್ರಯೋಗಾಲಯದವರು ಅದಕ್ಕೆ ಇಡುತ್ತಿದ್ದರು. ನಿನ್ನೆ ಫೋನ್ ಬಂದಿತ್ತು: ನಿಮ್ಮ ಇರುವೆಗಳಲ್ಲಿ ಹೊಸದೊಂದು ಸಿಕ್ಕಿದೆ, ಇನ್ನೊಂದು ಸೀಸೆಯ ಜೊತೆ ಹೆಸರಿನ ಫಾರಂ ಕಳಿಸಿ.

"ನಮ್ಮಪ್ಪನ ಹೆಸರ ಬರೀ," ಎಂದ ಗಂಡ ಪ್ರಹ್ಲಾದ.

"ಅವರು ಇರುವಿಗೂ ಕಾಲ ತಾಗಧಂಗ ನಡೀತಿದ್ರೋ! ನನ್ನ ಹೆಸರ ಹಾಕವಾ," ಎಂದರು ಅತ್ತೆ. "ಎದುರಮನಿ ರಾಧಾಬಾಯಿ ವೈರಸ್ಸು ಮೂರು ಜಿಲ್ಲಾದಾಗ ಓಡ್ಯಾಡ್ತದ. ನಾ ಏನ ಕಮ್ಮಿ?"

"ನೋಡೋಣಂತ," ಎಂದು ವಾರಿಜಾ ನಕ್ಕಳು.

ಮದುವೆಯ ದಿನ ಪ್ರಹ್ಲಾದ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ 'ವಾರಿಜಾ' ಎಂದು ಬರೆದಿದ್ದ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅವಳು ತುಂಗಾ ಆಗಿದ್ದಳು. ಅವ್ವ ತೀರಿಕೊಂಡ ಮೇಲೆ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ.

ಅವಳು ಕೈ ತೊಳೆದು, ಪೆನ್ನು ಹುಡುಕಿ, ನಿಂತಲ್ಲೇ ಫಾರಂ ತುಂಬಿದಳು.

"ಯಾರ ಹೆಸರ ಬರದೀ?" ಎಂದು ಅತ್ತೆ ಹತ್ತಿರ ಬರುವಷ್ಟರಲ್ಲಿ ಲಕೋಟೆ ಅಂಟಿಸಿಯಾಗಿತ್ತು.

"ಚಹಾ ಮಾಡ್ಲೇನ್ರಿ, ಅತ್ತೀ?" ಎಂದಳು ತುಂಗಾ.