ಪೂರಾ ಇವನ ಕೆಲಸ

ಗಾಜು ಒರೆಸುವವನು ಹಳದಿ ಪಟ್ಟಿಯ ಒಂದು ತುದಿಯನ್ನು ಬ್ಲೇಡಿನಿಂದ ಎಬ್ಬಿಸಿ, ಪರ್‍ರೆಂದು ಎಳೆದು ಕಿತ್ತುಬಿಟ್ಟ. ಆಫೀಸಿನ ಮುಂಭಾಗವೆಲ್ಲ ಗಾಜು. ಬಾಗಿಲೂ ಗಾಜು, ಬಾಗಿಲ ಪಕ್ಕದ ಗೋಡೆಯೂ ಗಾಜು. ಇದು ಗೋಡೆ, ಇತ್ತ ಬರಬೇಡಿ ಎಂದು ಹೇಳಲು ಎದೆಮಟ್ಟಕ್ಕೆ ಅಂಟಿಸಿದ್ದ ಪಟ್ಟಿ ಅದು. ಬಿಸಿಲಿಗೆ ಸುಕ್ಕಾಗಿ, ಅಂಚಿಗೆಲ್ಲ ಧೂಳು ಮೆತ್ತಿಕೊಂಡು, ಎಷ್ಟು ಉಜ್ಜಿದರೂ ಗಾಜು ಕೊಳಕೇ ಅನ್ನಿಸುವಂತೆ ಮಾಡುತ್ತಿತ್ತು.

"ಅದನ್ಯಾಕೋ ಕಿತ್ತೆ?" ಕಸ ಗುಡಿಸುವ ಅಕ್ಕ ಪೊರಕೆ ನಿಲ್ಲಿಸಿ ಕೇಳಿದಳು.

"ಇವತ್ತು ದೊಡ್ಡ ಸಾಹೇಬ್ರು ಬರ್ತಾರಲ್ಲಕ್ಕ. ಕಂತ್ರಾಟಿನೋರಲ್ಲಿ ಒಬ್ಬರನ್ನ ಖಾಯಂ ಮಾಡ್ತಾರಂತೆ. ನನ್ನ ಕೆಲಸ ಅವರ ಕಣ್ಣಿಗೆ ಬೀಳ್ಬೇಕು."

"ನಿನ್ನ ಕೆಲಸಾನಾ?" ಅಕ್ಕ ನಕ್ಕಳು. "ನಾನು ಗುಡಿಸಿದ್ರೆ ನೆಲನಾದ್ರೂ ಕಾಣುತ್ತೆ. ನೀನು ಚೆನ್ನಾಗಿ ಒರೆಸಿದಷ್ಟೂ ಗಾಜೇ ಕಾಣಲ್ಲ. ಇನ್ನು ನೀನೆಲ್ಲಿ ಕಾಣ್ತೀಯೋ ನನ್ನಪ್ಪಾ?"

ಅವನು ಹಲ್ಲು ಕಚ್ಚಿ ಇನ್ನೂ ಜೋರಾಗಿ ಉಜ್ಜಿದ. ಖಾಯಂ ಆದರೆ ಕಂಪನಿಯ ಖರ್ಚಿನಲ್ಲೇ ಅವ್ವನ ಕಣ್ಣಿನ ಪೊರೆ ತೆಗೆಸಬಹುದು. ಅವ್ವನಿಗೆ ಈಗ ಮಗನ ಧ್ವನಿಯಷ್ಟೇ ಗುರುತು. ಈ ಕಂಪನಿಗೆ ಅದೂ ಗುರುತಿಲ್ಲ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ದಿನಾ ಬೆಳಿಗ್ಗೆ ಒರೆಸಿದ ಗಾಜಿನ ಫೋಟೊವನ್ನು ಮೇಲಿನವರಿಗೆ ಕಳಿಸುವ ಪುಣ್ಯಾತ್ಮ. ಫೋಟೊದಲ್ಲಿ ಗಾಜಿನ ಮುಂದೆ ಸೊಂಟಕ್ಕೆ ಕೈಕೊಟ್ಟು ಸೂಪರ್‌ವೈಸರ್ ನಿಂತಿರುತ್ತಿದ್ದ. ಗಾಜು ಒರೆಸಿದವನು ಫೋಟೊ ತೆಗೆಯುತ್ತಿದ್ದ.

"ಪಟ್ಟಿ ಕಿತ್ತೆಯೇನೋ? ಭೇಷ್! ಗಾಜು ಇದೆಯೋ ಇಲ್ವೋ ಅನ್ನೋ ಹಾಗಾಗಿದೆ. ನಾನೇ ಹೇಳಿ ಕೀಳಿಸಿದೆ ಅಂತೀನಿ. ನೀನು ಮಧ್ಯೆ ಬಾಯಿ ಹಾಕ್ಬೇಡ." ಸಾಹೇಬರು ಬರುವ ಹೊತ್ತಿಗೆಂದು ಪಕ್ಕದ ಬಾಗಿಲನ್ನು ಹಾರುಹೊಡೆದು, ಮೀಸೆ ನೀವಿಕೊಂಡು ಹೊರಗೆ ಓಡಿದ.

ಗಾಜು ಒರೆಸುವವನು ಬಾಯಿ ಹಾಕಲಿಲ್ಲ. ಆದರೆ ಜಾಗವನ್ನೂ ಬಿಡಲಿಲ್ಲ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಗಾಜಿನ ಒಳಮಗ್ಗುಲಲ್ಲೇ ನೆಟ್ಟಗೆ ನಿಂತ. ನೋಡಲಿ, ಒಂದು ಸಲವಾದರೂ ನೋಡಲಿ.

ಕಾರಿನಿಂದ ಇಳಿದ ಸಾಹೇಬರು ನೋಡಿಯೇಬಿಟ್ಟರು. ಇವನ್ಯಾರು ಎಂಬಂತೆ ಹುಬ್ಬೇರಿಸಿ, ನೇರವಾಗಿ ಅವನತ್ತಲೇ ದಾಪುಗಾಲು ಹಾಕಿದರು. ಪಕ್ಕದಲ್ಲಿ ಸೂಪರ್‌ವೈಸರನ ಬಾಯಿಗೆ ಬಿಡುವಿಲ್ಲ. "ಎಲ್ಲಾ ನಾನೇ ಮುಂದೆ ನಿಂತು ಸಾರ್... ಆ ಗಾಜು ನೋಡಿ ಸಾರ್, ಅದನ್ನಂತೂ ಖುದ್ದು ನಾನೇ..."

ಗಾಜು ಒರೆಸುವವನು ಇನ್ನಷ್ಟು ನೆಟ್ಟಗಾದ. ನನ್ನ ಕಡೆಗೇ ಬರ್ತಿದ್ದಾರೆ! ಮರುಕ್ಷಣ ಹೊಳೆಯಿತು. ಬಾಗಿಲು ಇರುವುದು ಪಕ್ಕದಲ್ಲಿ. ನಿಲ್ಲಿ ಎಂದು ಕೈ ಎತ್ತಿದ. ಸಲಾಮು ಹೊಡೆಯುತ್ತಿದ್ದಾನೆ ಅಂದುಕೊಂಡ ಸಾಹೇಬರು ತಾವೂ ನಗುತ್ತ ಕೈ ಎತ್ತಿದರು.

ಢಬ್!

ಗಾಜು ನಡುಗಿತು. ಒಡೆಯಲಿಲ್ಲ. ಒಡೆದದ್ದು ಸಾಹೇಬರ ಮೂಗು. ಎತ್ತಿದ ಕೈ ಎತ್ತಿದ ಹಾಗೇ, ಅವರು ಅಂಡೂರಿ ಕುಳಿತುಬಿಟ್ಟರು. ಅಕ್ಕನ ಕೈಯ ಪೊರಕೆ ಜಾರಿ ಬಿತ್ತು. ಒಳಗೆ ನಿಂತವನು ಹೊರಗೆ ಓಡಿ ಬಂದ.

ಅಂಗಿಯ ತುಂಬ ರಕ್ತ ಮಾಡಿಕೊಂಡ ಸಾಹೇಬರು ಕರವಸ್ತ್ರದ ಸಂದಿಯಿಂದ ಗುಡುಗಿದರು. "ಯಾರ ಕೆಲಸ ಇದು?"

"ಇವಂದು ಸಾರ್!" ಸೂಪರ್‌ವೈಸರನ ಬೆರಳು ಬಾಣದಂತೆ ಬಂತು. "ಪೂರಾ ಇವಂದೇ. ನಾನು ಬೆರಳೂ ಇಟ್ಟಿಲ್ಲ ಸಾರ್, ನನ್ನ ಮಕ್ಕಳಾಣೆಗೂ!"

ಗಾಜು ಒರೆಸುವವನು ಅಲ್ಲಿಗೆ ಕೆಲಸಕ್ಕೆ ಸೇರಿದ ಮೇಲೆ ಸೂಪರ್‌ವೈಸರನ ಬಾಯಿಂದ ಅವನ ಬಗ್ಗೆ ಹೊರಟ ಮೊದಲ ನಿಜ ಅದು.

"ಹೆಸರೇನು ನಿಂದು?" ಸಾಹೇಬರು ಕೇಳಿದರು. ಹೇಳಿದ. "ಇನ್ನು ಇಲ್ಲಿ ಕಾಲಿಡಬೇಡ" ಎಂದು, ಜೊತೆಗೆ ಬಂದಿದ್ದ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಕಾರು ಹತ್ತಿದರು.

ಕಾರು ಹೋದ ಮೇಲೆ ಸೂಪರ್‌ವೈಸರ್ ಬೆವರು ಒರೆಸಿಕೊಂಡು ಗಾಜಿನ ಕಡೆ ನೋಡಿದ. ಹಣೆಯ ಜಿಡ್ಡು, ಮೂಗಿನ ರಕ್ತ, ಮೀಸೆಗೆ ಹಚ್ಚಿದ್ದ ಕಪ್ಪು ಬಣ್ಣ. ಸಾಹೇಬರ ಇಡೀ ಮುಖ ಅಲ್ಲಿ ಅಚ್ಚಾಗಿತ್ತು.

"ಹೋಗೋ ಮುಂಚೆ ಅದೊಂದು ಒರೆಸಿ ಹೋಗಪ್ಪ."

ಅಭ್ಯಾಸಬಲದಿಂದ ಅವನ ಕೈ ಹೆಗಲ ಬಟ್ಟೆಗೆ ಹೋಯಿತು. ಗಾಜಿನವರೆಗೂ ಹೋಯಿತು. ಅಲ್ಲೇ ನಿಂತಿತು. ಬಟ್ಟೆಯನ್ನು ನೀಟಾಗಿ ಮಡಚಿ ಸೂಪರ್‌ವೈಸರನ ಅಂಗೈಗೆ ಇಟ್ಟ.

"ನೀವೇ ಒರೆಸಿ ಸಾರ್. ಫೋಟೊ ನಾನು ತೆಗೀತೀನಿ."

ಸೂಪರ್‌ವೈಸರ್ ಬಟ್ಟೆ ಹಿಡಿದು ಹಾಗೇ ನಿಂತಿದ್ದ. ಅವನ ಬೆನ್ನ ಹಿಂದೆ, ಒಳಕ್ಕೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಆ ರಕ್ತದ ಮುಖದೆದುರು ಗಕ್ಕನೆ ನಿಂತು, ಓ ಇಲ್ಲಿ ಗಾಜಿದೆ ಎಂದು, ಪಕ್ಕಕ್ಕೆ ಸರಿದು ಬಾಗಿಲಿನಿಂದ ಬರತೊಡಗಿದರು.