ಮೊದಲನೇ ಚೌಕ

‘ವಿಶ್ವದ ಇಪ್ಪತ್ತು ಮಹಾವ್ಯಕ್ತಿಗಳು’ ಚಾರ್ಟಿನ ಪ್ರೂಫು ಸಹಿಯಿಲ್ಲದೆ ವಾಪಸು ಬಂತು. ಮೊದಲನೇ ಚೌಕದಲ್ಲಿದ್ದ ಯೇಸುವಿನ ಚಿತ್ರದ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ‘ತೆಗೆಯಿರಿ’.

ನನಗೆ ಮೈ ಉರಿಯಿತು. ಪ್ರೆಸ್ಸಿಗೆ ಸೇರಿ ಐದು ತಿಂಗಳು. ಇದು ನಾನೊಬ್ಬನೇ ಮಾಡಿದ ಮೊದಲ ಕೆಲಸ. ಅಂದು ಸಂಜೆ, ಶಾಲೆಗಳಿಗೆ ಚಾರ್ಟು ಒಯ್ಯುವ ಲಾರಿ ಹೊರಡುವುದರೊಳಗೆ ಅಚ್ಚಾದರೆ ಕೆಲಸ ಕಾಯಂ, ಇಲ್ಲವಾದರೆ ಬೇರೆ ದಾರಿ ನೋಡಿಕೋ ಎಂದಿದ್ದರು ಮಾಲೀಕರು. ಪ್ರೂಫ್ ತಿದ್ದುವ ಅಕ್ಕ ಸಹಿ ಹಾಕದೆ ಮೆಷಿನ್ ತಿರುಗುವುದಿಲ್ಲ. ಅದೂ ಅಲ್ಲದೆ, ದೇವರನ್ನೇ ನಂಬದ ನಾನು, ಒಂದು ಭಾನುವಾರವೂ ಚರ್ಚು ತಪ್ಪಿಸದ ಈ ಅಕ್ಕನಿಗೆ ಖುಷಿಯಾಗಲೆಂದೇ ಯೇಸುವನ್ನು ಮೊದಲ ಸ್ಥಾನಕ್ಕೆ ಏರಿಸಿದ್ದೆ. ಅದಕ್ಕಾಗಿ ಒಬ್ಬ ಚಕ್ರವರ್ತಿಯನ್ನೂ ಇಬ್ಬರು ವಿಜ್ಞಾನಿಗಳನ್ನೂ ಕೆಳಗಿಳಿಸಿದ್ದೆ. ನನ್ನ ಔದಾರ್ಯಕ್ಕೆ ನಾನೇ ಎರಡು ದಿನ ಬೀಗಿದ್ದೆ.

“ಏನಕ್ಕ, ನಂಬರ್ ಒನ್ ಕೊಟ್ಟಿದೀನಿ. ಇನ್ನೇನ್ ಬೇಕು ನಿಮಗೆ?”

ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. “ಒಂದು ಅಂದ್ಮೇಲೆ ಎರಡು ಇರತ್ತೆ ಮರಿ. ಅವನಾದ್ಮೇಲೆ ಎರಡನೆಯವನು ಯಾರು?”

“ಚೌಕ ದೊಡ್ಡದು ಮಾಡ್ತೀನಿ. ಬೇಕಿದ್ರೆ ಬಂಗಾರದ ಅಂಚು ಹಾಕಿಸ್ತೀನಿ.”

“ಹಾಕ್ಸು. ಅದರಲ್ಲಿ ನಮ್ಮ ತಾತನ ಫೋಟೊ ಇಡು, ಚೆನ್ನಾಗಿ ಕಾಣ್ತಾರೆ.”

ಬಾಗಿಲಲ್ಲಿ ನಿಂತಿದ್ದ ಮೆಷಿನ್‌ಮ್ಯಾನ್ ಕಿಸಕ್ಕನೆ ನಕ್ಕ. ನಾನು ಓದಿಕೊಂಡವನ ದನಿ ತೆಗೆದು ಚರಿತ್ರೆ, ಪ್ರಭಾವ, ಮೌಲ್ಯ ಎಂದೆಲ್ಲ ಹತ್ತು ನಿಮಿಷ ಕೊರೆದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು. ಬೇರೆಯವರ ತಪ್ಪನ್ನು ಕೊನೆಯ ಸಾಲಿನವರೆಗೆ ಓದುವುದೇ ಅವರ ಕಸುಬು.

“ಸರಿ, ಈ ಚಾರ್ಟ್ ನೋಡಿ ಮಕ್ಕಳು ಏನ್ ಮಾಡ್ಬೇಕು?”

“ಇವರ ಹಾಗೆ ಆಗ್ಬೇಕು.”

“ನಾನೂ ಆಗೋಕೆ ನೋಡ್ದೆ, ಆಗ್ಲಿಲ್ಲ. ಈ ಹತ್ತೊಂಬತ್ತು ಜನ ಮೇಲೆ ನಿಂತ್ಕೊಂಡು ಹತ್ತಿ ಬಾ ಅಂತಾರೆ. ದೊಡ್ಡೋರೇ, ಇಲ್ಲ ಅನ್ನಲ್ಲ. ಹತ್ತೋಕಾಗ್ದೆ ಬಿದ್ದೋರ ಹತ್ರ ಇಳಿದು ಬಂದೋನು ಅವನೊಬ್ನೇ. ಅವನನ್ನ ಇವರ ಸಾಲಲ್ಲಿ ಹೇಗೆ ನಿಲ್ಲಿಸ್ತೀಯ?” ಕನ್ನಡಕ ಮತ್ತೆ ಹಾಕಿಕೊಂಡು ಸೇರಿಸಿದರು, “ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಓಟದಲ್ಲಿ ಫಸ್ಟ್ ಬಂದೋನು ದೊಡ್ಡೋನೋ, ಕುರ್ಚಿ ಮೇಲೆ ಕೂತು ಬಹುಮಾನ ಕೊಡೋನು ದೊಡ್ಡೋನೋ?”

ಉತ್ತರ ಗೊತ್ತಿತ್ತು. ಎರಡು ದಿನದಿಂದ ಆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತವನು ನಾನೇ. ದೇವರಿಗೆ ಅಂಕ ಹಾಕಿ ಪಾಸು ಮಾಡಿದ್ದೆ. ನಾನಿನ್ನೂ ಕಾಯಂ ಆಗಿರಲಿಲ್ಲ.

ಚಿತ್ರ ತೆಗೆದೆ. “ಇನ್ನು ಯಾರನ್ನ ಹಾಕಿದ್ರೂ ನಂದೇನೂ ತಕರಾರಿಲ್ಲ” ಎಂದು ಅಕ್ಕ ಸಹಿ ಮಾಡಿ, ಮುಂದಿನ ಪ್ರೂಫು ಎಳೆದುಕೊಂಡರು.

ಮೊದಲನೇ ಚೌಕ ಬಾಯಿ ಬಿಟ್ಟುಕೊಂಡಿತ್ತು. ಚಕ್ರವರ್ತಿಯನ್ನು ಅಲ್ಲಿಗೆ ತಂದೆ, ನೋಡಿದೆ, ವಾಪಸು ಕಳಿಸಿದೆ. ಕವಿಯೊಬ್ಬನನ್ನು ತಂದು ಅವನನ್ನೂ ಕಳಿಸಿದೆ. ಹೊರಗೆ ಲಾರಿಯ ಹಿಂಬಾಗಿಲು ತೆರೆದ ಸದ್ದಾಯಿತು.

ಮೆಷಿನ್‌ಮ್ಯಾನ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಸಾರ್, ಬೇಗ ಯಾರನ್ನಾದ್ರೂ ದೊಡ್ಡೋರು ಮಾಡಿ. ಮೆಷಿನ್‌ಗೆ ಪ್ಲೇಟ್ ಹಾಕ್ಬೇಕು.”