ಸಿಂಧಘಟ್ಟದ ನಾನ್ನೂರು ಹಡಗು

ಧರ್ಮೇಂದ್ರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಸಿಂಧಘಟ್ಟದ ಲಕ್ಷ್ಮಣನ ಜಗುಲಿ ಹತ್ತಿದಾಗ ಬೆಳಗಿನ ಹನ್ನೊಂದೂಕಾಲು. ಹದಿಮೂರು ವರ್ಷದಿಂದ ಮಾತು ಬಿಟ್ಟಿದ್ದ ಗೆಳೆಯ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಾ ಕೂತಿದ್ದ. ತಲೆಯೆತ್ತಿ ನೋಡಿದ, ಮತ್ತೆ ಕತ್ತರಿಸತೊಡಗಿದ. 

"ಇವತ್ತು ಹನ್ನೆರಡಕ್ಕೆ ಆಟ ಮುಚ್ಬುಡ್ತಾವ್ರೆ ಕಣ್ಲಾ," ಎಂದ ಧರ್ಮೇಂದ್ರ. "ಸರ್ವರ್ರೇ ನಿಲ್ಲುಸ್ತಾರಂತೆ. ಒಂದ್ಸಲ ನೋಡ್ಬುಡು."

ಯಾವ ಆಟ ಎಂದು ಲಕ್ಷ್ಮಣ ಕೇಳಬೇಕಾಗಿರಲಿಲ್ಲ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದೆ, ಶಿವಶಂಕರನ ಸೈಬರ್ ಸೆಂಟರಿನಲ್ಲಿ, ಕಾಲೇಜಿಗೆ ಚಕ್ಕರ್ ಹೊಡೆದು ಇಬ್ಬರೂ ಕಟ್ಟಿದ ಸಾಮ್ರಾಜ್ಯ ಅದು. ಆಕಾಶದಲ್ಲಿ ಗ್ರಹ ಹಿಡಿಯಬೇಕು, ಗಣಿ ತೋಡಬೇಕು, ಹಡಗು ಕಟ್ಟಿ ದಂಡೆತ್ತಿ ಹೋಗಬೇಕು. ಜಗತ್ತಿನವರೆಲ್ಲ ತಮ್ಮ ಗ್ರಹಗಳಿಗೆ ನಾಲಿಗೆ ಹೊರಳದ ಹೆಸರಿಟ್ಟರೆ ಇವರು ತಮ್ಮ ಸುತ್ತಲಿನ ಊರುಗಳ ಹೆಸರನ್ನೇ, ಸಿಂಧಘಟ್ಟ, ಶೀಳನೆರೆ, ಮಾಕವಳ್ಳಿ ಎಂದಿಟ್ಟರು. ಶೀಳನೆರೆಯಿಂದ ಮಾಕವಳ್ಳಿಗೆ ಹಡಗು ಹೋಗಲು ಆರು ಗಂಟೆ ಹಿಡಿಯುತ್ತಿತ್ತು; ಇದಕ್ಕಿಂತ ನಮ್ಮ ಬಸ್ಸೇ ವಾಸಿ ಎಂದು ನಗುತ್ತಿದ್ದರು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದವರೂ ಕೂಡಿಕೊಂಡು ಇಪ್ಪತ್ತು ಜನರ ಪಡೆಯಾಯಿತು. ಮುಖ ನೋಡದವರಿಗಾಗಿಯೂ ಊಟ ಬಿಟ್ಟು ಕಾದಾಡಿದ ದಿನಗಳು. ಅಂಥ ಸುಖ ಧರ್ಮೇಂದ್ರನಿಗೆ ಆಮೇಲೆ ಯಾವುದರಲ್ಲೂ ಸಿಗಲಿಲ್ಲ.

ಆ ಪಡೆಗೆ ಗದ್ದೆಯಿಂದ ತಂದ ಕಟ್ಟಳೆಯೊಂದಿತ್ತು, ಮುಯ್ಯಾಳು. ನಾಟಿಗೆ ನೀನು ನಮ್ಮ ಗದ್ದೆಗೆ ಬಂದರೆ ನಾನು ನಿಮ್ಮ ಗದ್ದೆಗೆ ಬರಬೇಕಲ್ಲ, ಹಾಗೆಯೇ ಒಬ್ಬ ಬಿಡುವಿಲ್ಲದೆ ಹೋದಾಗ ಅವನ ಗ್ರಹವನ್ನು ಇನ್ನೊಬ್ಬ ಕಾಯಬೇಕು. ಪಾಸ್‌ವರ್ಡನ್ನೇ ಕೊಟ್ಟುಬಿಡುವುದು. ಲಕ್ಷ್ಮಣನ ಮದುವೆ ಬಂದಾಗ ಕಾಯುವ ಸರದಿ ಧರ್ಮೇಂದ್ರನದಾಯಿತು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಶತ್ರುವಿನ ದಂಡು ಬಂದಿಳಿಯುವುದು ಮೊದಲೇ ಗೊತ್ತಿತ್ತು. ಅಷ್ಟರೊಳಗೆ ಲಕ್ಷ್ಮಣನ ನಾನ್ನೂರು ಹಡಗುಗಳನ್ನು ಬೇರೆಡೆಗೆ ಹಾರಿಸಿದರೆ ಸಾಕು, ಒಂದು ಗುಂಡಿ ಒತ್ತುವ ಕೆಲಸ. ಧರ್ಮೇಂದ್ರ ಒತ್ತಲಿಲ್ಲ. ನಾಲ್ಕು ವರ್ಷದ ಗೇಯ್ಮೆ ಬೂದಿಯಾಯಿತು. ಕರೆಂಟ್ ಹೋಗಿತ್ತು ಎಂದ. ಹೋಗಿರಲಿಲ್ಲ ಎಂದು ಶಿವಶಂಕರ್ ಬಾಯಿಬಿಟ್ಟ. ಹಡಗು ಹೋದದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಲಕ್ಷ್ಮಣ ಆಟವನ್ನೂ ಗೆಳೆಯನನ್ನೂ ಒಟ್ಟಿಗೇ ಬಿಟ್ಟ.

ನಿಜವಾಗಿ ಆ ಹೊತ್ತಿನಲ್ಲಿ ಧರ್ಮೇಂದ್ರ ತಮ್ಮ ಅಕ್ಕಸಾಲಿ ಅಂಗಡಿಯಲ್ಲಿ ಊದುಗೊಳವೆ ಹಿಡಿದು ಬೆವರುತ್ತಿದ್ದ. ಲಕ್ಷ್ಮಣ ಮಾಡಿಸಲು ಕೊಟ್ಟಿದ್ದ ತಾಳಿ ಕೊನೆಯ ಬೆಸುಗೆಯಲ್ಲಿ ನಟ್ಟನಡುವೆ ಬಿರಿದುಹೋಗಿತ್ತು. ಕರಗಿಸಿ, ಮತ್ತೆ ತಟ್ಟಿ ಮುಗಿಸುವಾಗ ನಾಲ್ಕು ಗಂಟೆ. ಮದುವೆಗೆ ಮುಂಚೆ ತಾಳಿ ಬಿರಿದರೆ ಅದನ್ನು ಯಾರಿಗೂ ಹೇಳಕೂಡದು, ಮುಂದೆಂದೂ ಹೇಳಕೂಡದು ಎಂಬುದು ಅವರ ಮನೆಯ ನಿಯಮ. ಕೇಳಿದವರಿಗೆ ಒಮ್ಮೆ ಕೊರೆತ ಹತ್ತಿಕೊಂಡರೆ ಬದುಕೆಲ್ಲ ನೆಮ್ಮದಿಯಿಲ್ಲ ಎಂದು ಅಪ್ಪ ಅಂದೇ ಆಣೆ ಹಾಕಿಸಿಕೊಂಡಿದ್ದ. ಈಗ ಅಪ್ಪನೂ ಇಲ್ಲ. ಇವತ್ತು ಹೇಳಿಯೇ ತೀರಬೇಕು, ಆಟದ ಜೊತೆಗೇ ಗೆಳೆತನವೂ ಮುಗಿಯಬಾರದು ಎಂದು ಬಸ್ಸಿನುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ.

ಮೊಬೈಲಿನ ನೆಟ್ ಹಾಕಿ ಪರದೆಯನ್ನು ಲಕ್ಷ್ಮಣನ ಕಡೆ ತಿರುಗಿಸಿದ. ಲಕ್ಷ್ಮಣನ ಗ್ರಹ ಸಿಂಧಘಟ್ಟದ ಸುತ್ತ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ಕೆಳಗೆ ಲೆಕ್ಕವೂ ಇತ್ತು, ನಾನ್ನೂರು.

"ಇವ್ಯಾರವ್ಲಾ?" ಎಂದ ಲಕ್ಷ್ಮಣ. ಅದು ಅವನ ಮೊದಲ ಮಾತು.

"ನಿನ್ನವೇ. ನೀನು ಪಾಸ್‌ವರ್ಡ್ ಬದ್ಲಾಯಿಸ್ನಿಲ್ಲ. ಒಂದೊಂದಾಗಿ ಕಟ್ಕೊಂಡು ಬಂದೆ."

ಲಕ್ಷ್ಮಣ ಸೊಪ್ಪಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಹತ್ತಿರ ಸರಿದ. ಬದಿಯಲ್ಲಿ ಹಳೆಯ ಪಡೆಯವರು ಒಬ್ಬೊಬ್ಬರೇ ಬಂದು ಬರೆಯುತ್ತಿದ್ದರು: ಪಾಂಡವಪುರ ಹಾಜರು, ನಾಗಮಂಗಲ ಹಾಜರು, ಶ್ರೀರಂಗಪಟ್ಟಣ ಹಾಜರು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ, ಸಿಂಧಘಟ್ಟ ಹಾಜರು ಎಂದು ಕುಟ್ಟಿದ. ಅತ್ತ ಕಡೆಯಿಂದ ಹದಿನೈದು ಜನ ಒಟ್ಟಿಗೆ ಬಯ್ದರು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು. ಲಕ್ಷ್ಮಣನ ಕಣ್ಣು ತುಂಬಿತು. ಧರ್ಮೇಂದ್ರನಿಗೂ ಅಷ್ಟೇ ಆಯಿತು.

ಹನ್ನೆರಡಕ್ಕೆ ಐದು ನಿಮಿಷವಿತ್ತು.

"ಈಗ್ಲಾದ್ರೂ ಯೋಳ್ಲಾ," ಎಂದ ಲಕ್ಷ್ಮಣ ಮೆಲ್ಲಗೆ. "ಅವತ್ತು ಎಲ್ಲಿದ್ದೆ?"

ಧರ್ಮೇಂದ್ರ ಬಾಯಿ ತೆರೆದ. ಅಷ್ಟರಲ್ಲಿ ಲಕ್ಷ್ಮಣನ ಹೆಂಡತಿ ಭೂಮಿಕ ಗೋಡೆ ಹಿಡಿದುಕೊಂಡು ಮಜ್ಜಿಗೆ ತಂದಳು. ಹೋದ ತಿಂಗಳಷ್ಟೇ ಆಪರೇಷನ್ ಆಗಿತ್ತಂತೆ. ಡಾಕ್ಟ್ರು ಏಳ್ಬ್ಯಾಡ ಅಂದವ್ರೆ, ಯಾಕೆ ಎದ್ದು ಬಂದೆ ಎಂದು ಲಕ್ಷ್ಮಣ ಗದರಿದ. ಲೋಟ ಕೊಡಲು ಬಗ್ಗಿದಾಗ ಸೆರಗಿನೊಳಗಿಂದ ತಾಳಿ ಹೊರಗೆ ಬಂದು ತೂಗಿತು. ಅವಳು ಅದನ್ನು ಹಿಡಿದು ಕಣ್ಣಿಗೊತ್ತಿಕೊಂಡು, ಇದೇ ನನ್ನನ್ನು ಉಳಿಸಿತು ಅಣ್ಣ ಎಂದು ಒಳಗೆ ಹೋದಳು.

"ಪಿಚ್ಚರ್‌ಗೆ ಓಗಿದ್ದೆ ಕಣ್ಲಾ," ಎಂದ ಧರ್ಮೇಂದ್ರ. "ಮರ್ತೋಗಿತ್ತು."

ಲಕ್ಷ್ಮಣ ಅವನ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಪರದೆ ಬೆಳ್ಳಗಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಗೆಳೆಯನ ಹೆಗಲ ಮೇಲೆ ಕೈ ಹಾಕಿ ಲಕ್ಷ್ಮಣ ಹೇಳಿದ:

"ನಿಜ ಯೋಳಕೆ ಹದಿಮೂರು ವರ್ಸ ಬೇಕಾಯ್ತೇನ್ಲಾ ನಿಂಗೆ?"